ಇಡೀ ನಗರಕ್ಕೆ ಒಂದೇ ದಾರಿಫಲಕ ವ್ಯವಸ್ಥೆ: ಹೆಸರಿನ ಪಟ್ಟಿಯಿಂದ ಕೈಮರದವರೆಗೆ

ನಗರದ ದಾರಿಫಲಕಗಳನ್ನು ಹೊಸದಾಗಿ ಮಾಡಿಸಬೇಕೆಂದು ತೀರ್ಮಾನವಾದ ಮರುದಿನವೇ ಬಣ್ಣ ಯಾವುದು, ಕಂಬ ಹೇಗಿರಬೇಕು, ಲಾಂಛನ ಎಲ್ಲಿ ಬರಬೇಕು ಎಂಬ ಚರ್ಚೆ ಶುರುವಾಗುತ್ತದೆ. ಅದೆಲ್ಲ ಕೊನೆಯ ಕಾಲುಭಾಗದ ಕೆಲಸ. ಮೊದಲ ಮುಕ್ಕಾಲು ಭಾಗ ಕಣ್ಣಿಗೆ ಕಾಣುವಂಥದ್ದಲ್ಲ: ಯಾವ ಜಾಗಕ್ಕೆ ಯಾವ ಹೆಸರು, ಆ ಹೆಸರು ಎಷ್ಟು ದೂರದಿಂದ ಕಾಣಿಸಿಕೊಳ್ಳಬೇಕು, ಯಾವ ತಿರುವಿನಲ್ಲಿ ಏನು ಹೇಳಬೇಕು, ಹತ್ತು ವರ್ಷ ಬಿಟ್ಟು ಅದನ್ನು ತಿದ್ದುವವರು ಯಾರು. ಇವಕ್ಕೆ ಉತ್ತರವಿಲ್ಲದೆ ನೆಟ್ಟ ಫಲಕ ಎಷ್ಟೇ ಚಂದವಿದ್ದರೂ ಮೂರನೇ ವರ್ಷಕ್ಕೆ ಸುಳ್ಳು ಹೇಳತೊಡಗುತ್ತದೆ.

ಯಜಮಾನಿಕೆ ಮತ್ತು ಎಣಿಕೆ

ಒಂದೇ ಬೀದಿಯಲ್ಲಿ ಫಲಕ ಹಾಕುವವರು ಹಲವರು: ರಸ್ತೆ ವಿಭಾಗ, ಬಸ್ಸು ಮತ್ತು ರೈಲು ಸಂಸ್ಥೆಗಳು, ಪ್ರವಾಸೋದ್ಯಮ, ಉದ್ಯಾನ, ಆಸ್ಪತ್ರೆ, ವಿಶ್ವವಿದ್ಯಾಲಯ, ವರ್ತಕರ ಸಂಘ. ಲಂಡನ್ನಿನ ಪಾದಚಾರಿ ದಾರಿಫಲಕಗಳ ‘ಲೆಜಿಬಲ್ ಲಂಡನ್’ ಯೋಜನೆಗೆ ಮುನ್ನ ನಡೆದ ಅಧ್ಯಯನ ಲಂಡನ್ನಿನ ನಡುಭಾಗದಲ್ಲೇ ಪಾದಚಾರಿಗಳಿಗೆಂದು 32 ಬೇರೆ ಬೇರೆ ಫಲಕ ವ್ಯವಸ್ಥೆಗಳನ್ನು ಎಣಿಸಿತ್ತು. ಪ್ರತಿಯೊಂದೂ ತನ್ನ ಮಟ್ಟಿಗೆ ಸರಿಯಾಗಿಯೇ ಇದ್ದಿರಬಹುದು. ಒಂದರ ಗಡಿ ದಾಟಿ ಇನ್ನೊಂದಕ್ಕೆ ಕಾಲಿಟ್ಟವರಿಗೆ ಮಾತ್ರ ದಾರಿ ತಪ್ಪುತ್ತಿತ್ತು. ಹಾಗಾಗಿ ಮೊದಲು ಬೇಕಾದದ್ದು ಒಂದು ಪುಟದ ಒಪ್ಪಂದ. ಹೆಸರಿನ ಪಟ್ಟಿ ಯಾರ ವಶದಲ್ಲಿ, ಮೂಲ ನಕ್ಷೆ ಯಾರ ವಶದಲ್ಲಿ, ಕಂಬ ಯಾರ ಆಸ್ತಿ, ತೊಳೆಯುವವರು ಯಾರು, ಬೇರೆ ಸಂಸ್ಥೆಯ ಹಳೆಯ ಫಲಕವನ್ನು ಕಿತ್ತುಹಾಕುವ ಅಧಿಕಾರ ಯಾರಿಗೆ ಎಂಬುದು ಅದರಲ್ಲಿರಬೇಕು. ಕೊನೆಯ ಅಂಶವನ್ನು ಬಿಟ್ಟರೆ ‘ಏಕರೂಪದ ವ್ಯವಸ್ಥೆ’ ಮೂವತ್ಮೂರನೆಯದಾಗಿ ಸೇರಿಕೊಳ್ಳುತ್ತದೆ, ಅಷ್ಟೆ.

ಆಮೇಲೆ ಇರುವುದನ್ನು ಎಣಿಸಬೇಕು. ಪ್ರತಿ ಫಲಕಕ್ಕೂ ಎರಡು ಫೋಟೊ: ಓದುವಷ್ಟು ಹತ್ತಿರದಿಂದ ಒಂದು, ನಡೆದುಬರುವವರ ಕಣ್ಣಿಗೆ ಬೀಳುವ ದೂರದಿಂದ ಇನ್ನೊಂದು. ಕೋಷ್ಟಕದಲ್ಲಿ ಸ್ಥಳದ ಜಿಪಿಎಸ್, ಮಾಲೀಕರು, ಮುಖ ಮಾಡಿರುವ ದಿಕ್ಕು, ಬರಹದ ಪೂರ್ತಿ ಪಠ್ಯ, ಸ್ಥಿತಿ, ಕೊನೆಗೆ ತೀರ್ಪು: ಉಳಿಸು, ತಿದ್ದು, ಬದಲಿಸು, ತೆಗೆ. ಪಠ್ಯವನ್ನು ಇದ್ದ ಹಾಗೇ, ಕಾಗುಣಿತದ ತಪ್ಪಿನೊಂದಿಗೇ ನಮೂದಿಸಿ. ಹೆಸರುಗಳ ಗೊಂದಲ ಎಷ್ಟಿದೆ ಎಂಬುದು ತೋರುವುದೇ ಅಲ್ಲಿ.

ಹೆಸರಿನ ಪಟ್ಟಿ

ಒಂದು ಫಲಕ ‘ಕೇಂದ್ರ ರೈಲು ನಿಲ್ದಾಣ’ ಎನ್ನುತ್ತದೆ, ಇನ್ನೊಂದು ‘ಸೆಂಟ್ರಲ್ ಸ್ಟೇಷನ್’, ಮತ್ತೊಂದು ಬರೇ ‘ಸ್ಟೇಷನ್’. ಊರಿನವರಿಗೆ ಅದು ಒಂದೇ ಜಾಗ, ಹೊಸಬರಿಗೆ ಮೂರು. ಫಲಕ ಇರುವುದೇ ಹೊಸಬರಿಗಾಗಿ.

ಪಟ್ಟಿಯ ಪ್ರತಿ ಸಾಲಿನಲ್ಲಿ ಬದಲಾಗದ ಒಂದು ಸಂಖ್ಯೆ, ಅಧಿಕೃತ ಹೆಸರು, ಫಲಕದ ಮೇಲಿನ ಹೆಸರು, ಪ್ರತಿ ಲಿಪಿಯಲ್ಲೂ ಅದರ ಕಾಗುಣಿತ, ಜನರ ಬಾಯಲ್ಲಿರುವ ಹೆಸರು, ಚಿಹ್ನೆ, ದರ್ಜೆ, ಮುಖ್ಯ ಬಾಗಿಲಿನ ಅಕ್ಷಾಂಶ-ರೇಖಾಂಶ, ಒಪ್ಪಿದವರ ಹುದ್ದೆ ಮತ್ತು ದಿನಾಂಕ ಇರಲಿ. ಬಾಗಿಲಿನದೇ ಬೇಕು, ಕಟ್ಟಡದ ನಡುಬಿಂದು ಆಗದು. ದೊಡ್ಡ ಉದ್ಯಾನ ಅಥವಾ ಆಸ್ಪತ್ರೆಯ ನಡುಬಿಂದುವಿನಿಂದ ದೂರ ಅಳೆದರೆ ಲೆಕ್ಕ 300–400 ಮೀಟರ್ ತಪ್ಪಬಹುದು, ಬಾಣ ಕಾಂಪೌಂಡ್ ಗೋಡೆಯತ್ತ ತಿರುಗಿಕೊಳ್ಳಬಹುದು.

ಫಲಕದ ಹೆಸರು ಇಪ್ಪತ್ತು ಅಕ್ಷರ ದಾಟಬಾರದು. ಪ್ರಾಯೋಜಕರ ಹೆಸರು ಬೇಡ, ಗುತ್ತಿಗೆ ಮುಗಿದ ದಿನ ಹತ್ತಾರು ಫಲಕ ಬದಲಿಸಬೇಕಾದೀತು. ಎರಡು ಭಾಷೆಗಳಿದ್ದರೆ ಜಾತಿವಾಚಕ ಪದವನ್ನು ಅನುವಾದಿಸಿ, ಅಂಕಿತನಾಮವನ್ನು ಲಿಪ್ಯಂತರ ಮಾಡಿ: ‘ಉದ್ಯಾನ’ಕ್ಕೆ ಆ ಭಾಷೆಯ ಪದ ಬರಲಿ, ಉದ್ಯಾನದ ಹೆಸರು ಉಚ್ಚಾರಣೆಯಂತೆಯೇ ಉಳಿಯಲಿ. ಸಂಕ್ಷೇಪಗಳಿಗೆ ಬೇರೆಯೇ ಒಂದು ಪಟ್ಟಿ ಬೇಕು. ಅದರಲ್ಲಿಲ್ಲದ ಸಂಕ್ಷೇಪವನ್ನು ಜಾಗ ಸಾಲದೆಂದು ವಿನ್ಯಾಸಕಾರರು ಹುಟ್ಟಿಸುವಂತಿಲ್ಲ. ಜನರ ಬಾಯಲ್ಲಿರುವ ಹೆಸರೇ ಗಟ್ಟಿಯಾಗಿದ್ದು ಅಧಿಕೃತ ಹೆಸರನ್ನು ಯಾರೂ ಬಳಸದಿದ್ದರೆ, ಬಾಯಿಯ ಹೆಸರನ್ನೇ ಫಲಕಕ್ಕೆ ಹಾಕುವುದು ಮೇಲು. ದಾರಿ ಕೇಳಿದಾಗ ಸಿಗುವ ಉತ್ತರವೂ ಫಲಕವೂ ಹೊಂದಬೇಕು. ಈ ವಾದದಲ್ಲಿ ಕಚೇರಿಗಳು ಸುಲಭಕ್ಕೆ ಸೋಲುವುದಿಲ್ಲ, ಅದಕ್ಕಾಗಿಯೇ ಒಪ್ಪಿಗೆಯ ಕಾಲಂ.

ದರ್ಜೆ, ದೂರ, ಮತ್ತು ಕೈಬಿಡದ ನಿಯಮ

ಎಲ್ಲವನ್ನೂ ಎಲ್ಲ ಕಡೆ ತೋರಿಸಲಾಗದು. ಮೂರು ದರ್ಜೆ ಸಾಕು. ಮೊದಲನೆಯದು ಬಡಾವಣೆ, ಮುಖ್ಯ ನಿಲ್ದಾಣ, ದೊಡ್ಡ ಆಸ್ಪತ್ರೆ: ಕಾಲ್ನಡಿಗೆಯ ಫಲಕದಲ್ಲಿ ಸುಮಾರು 1.5 ಕಿ.ಮೀ. ದೂರದಿಂದ. ಎರಡನೆಯದು ವಸ್ತುಸಂಗ್ರಹಾಲಯ, ಮಾರುಕಟ್ಟೆ, ಕ್ರೀಡಾಂಗಣ: 800 ಮೀಟರಿನಿಂದ. ಮೂರನೆಯದು ಗ್ರಂಥಾಲಯ, ಸಾರ್ವಜನಿಕ ಶೌಚಾಲಯ, ಸಣ್ಣ ಉದ್ಯಾನ: 400 ಮೀಟರಿನಿಂದ. ಅಂಕಿಗಳನ್ನು ನಗರದ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸಬಹುದು, ಆದರೆ ಅರ್ಹತೆಯ ಮಾನದಂಡವನ್ನು ಮೊದಲೇ ಬರೆದು ಪ್ರಕಟಿಸಿರಬೇಕು. ಇಲ್ಲದಿದ್ದರೆ ಪ್ರಭಾವ ಇದ್ದವರ ಕಟ್ಟಡವೆಲ್ಲ ಮೊದಲ ದರ್ಜೆಗೆ ಏರುತ್ತದೆ.

ಒಮ್ಮೆ ಹೇಳಿದ ಹೆಸರನ್ನು ಬಾಗಿಲು ಮುಟ್ಟುವವರೆಗೆ ಕೈಬಿಡಬಾರದು. ವ್ಯವಸ್ಥೆ ನಿಲ್ಲುವುದು ಈ ನಿಯಮದ ಮೇಲೆ. ಮೊದಲ ತಿರುವಿನಲ್ಲಿ ಕಂಡ ಹೆಸರು ಎರಡನೆಯದರಲ್ಲಿ ಕಾಣದಿದ್ದರೆ ಜನ ನಿಲ್ಲುತ್ತಾರೆ, ಹಿಂದಿರುಗುತ್ತಾರೆ, ಮುಂದೆ ಯಾವ ಫಲಕವನ್ನೂ ನಂಬುವುದಿಲ್ಲ. ಸರಪಳಿ ಹರಿಯದಂತೆ ನೋಡಿಕೊಳ್ಳಲು ದಾರಿಯನ್ನು ಹಿಂದಿನಿಂದ ಬರೆಯಿರಿ. ಜಾಗದ ಬಾಗಿಲಿನಲ್ಲಿ ನಿಂತು ಹೊರಮುಖವಾಗಿ ನಡೆಯುತ್ತ, ದಾರಿ ಕವಲೊಡೆಯುವ ಪ್ರತಿ ಬಿಂದುವನ್ನೂ ಗುರುತಿಸಿ, ಆ ಹೆಸರಿನ ದೂರದ ಮಿತಿ ಬಂದ ಕೂಡಲೇ ನಿಲ್ಲಿಸಿ. ಎಲ್ಲ ಜಾಗಗಳಿಗೂ ಹೀಗೆ ಮಾಡಿ ನಕ್ಷೆಯ ಮೇಲೆ ಒಂದರ ಮೇಲೊಂದು ಹಾಕಿದಾಗ ಯಾವ ಸರ್ಕಲ್ಲಿನಲ್ಲಿ ಎಷ್ಟು ಹೆಸರು ಬೀಳುತ್ತವೆ ಎಂಬುದು ತಾನಾಗಿಯೇ ಸಿಗುತ್ತದೆ. ಒಂದೇ ಬಿಂದುವಿನಲ್ಲಿ ಹದಿನೈದು ಹೆಸರು ಬಿದ್ದರೆ ಅಕ್ಷರ ಚಿಕ್ಕದು ಮಾಡಬೇಡಿ. ದೂರದಲ್ಲಿ ಬಡಾವಣೆಯ ಹೆಸರೊಂದನ್ನೇ ಹೇಳಿ, ಬಡಾವಣೆಯ ಒಳಗೆ ಬಂದ ಮೇಲೆ ಒಂದೊಂದನ್ನೇ ಬಿಡಿಸಿ.

ಕವಲಿನ ಬಿಂದುಗಳಷ್ಟೇ ಸಾಲದು. ತಿರುವು ಇಲ್ಲದೆ 250–300 ಮೀಟರ್ ನೇರ ಹೋಗಬೇಕಾದಲ್ಲಿ ‘ಸರಿದಾರಿಯಲ್ಲಿದ್ದೀರಿ’ ಎಂದು ಖಾತರಿಪಡಿಸುವ ಒಂದು ಫಲಕ ಬೇಕು, ಬಾಗಿಲಿನಲ್ಲಿ ‘ತಲುಪಿದಿರಿ’ ಎನ್ನುವುದೊಂದು. ರೈಲು ನಿಲ್ದಾಣದ ಪ್ರತಿ ನಿರ್ಗಮನವೂ ಬೇರೆ ಬಿಂದು. ಮೆಟ್ಟಿಲು ಹತ್ತಿ ಹೊರಬಂದವರಿಗೆ ದಿಕ್ಕು ಪೂರ್ತಿ ತಪ್ಪಿರುತ್ತದೆ, ನಕ್ಷೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅಲ್ಲಿಯೇ.

ಫಲಕದ ಬಗೆಗಳು ಮತ್ತು ಸಾಲುಗಳು

ಐದಾರು ಬಗೆಗಿಂತ ಹೆಚ್ಚು ಬೇಡ: ವಾಹನ ಚಾಲಕರ ಫಲಕ, ಪಾದಚಾರಿಯ ಕೈಮರ, ನಕ್ಷೆಯಿರುವ ಎತ್ತರದ ಕಂಬಫಲಕ, ನಕ್ಷೆಯ ಗಿಡ್ಡ ಫಲಕ, ಗೋಡೆಯ ಅಥವಾ ಬಸ್ ನಿಲ್ದಾಣದ ಪಟ್ಟಿ, ತಲುಪುಫಲಕ. ಕಿರಿದಾದ ಫುಟ್‌ಪಾತಿನಲ್ಲಿ ಕಂಬಫಲಕ ಕೂರದು. ಅಲ್ಲಿ ಬೀದಿದೀಪದ ಕಂಬಕ್ಕೆ ಪಟ್ಟಿ ಕಟ್ಟಬಹುದು. ಕಂಬದ ಮಾಲೀಕರ ಒಪ್ಪಿಗೆಯ ಜೊತೆ ಗಾಳಿಯ ಹೊರೆ ತಡೆಯುತ್ತದೆಂಬ ಎಂಜಿನಿಯರ್ ಸಹಿಯೂ ಬೇಕು.

ಚಾಲಕರ ಫಲಕಕ್ಕೆ ಆಯಾ ದೇಶದ ರಸ್ತೆ ಸಂಕೇತಗಳ ನಿಯಮವೇ ಅಂತಿಮ. ಹಲವು ದೇಶಗಳ ನಿಯಮ 1968ರ ವಿಯೆನ್ನಾ ಒಪ್ಪಂದವನ್ನು ಅನುಸರಿಸುತ್ತದೆ. ಬಣ್ಣ, ಬಾಣ, ಅಂಚು ಅದರೊಳಗೇ ಇರಬೇಕು, ನಗರದ ‘ಗುರುತು’ ಕಂಬಕ್ಕೋ ಮೇಲಿನ ಸಣ್ಣ ಪಟ್ಟಿಗೋ ಸೀಮಿತ. ಒಂದು ಫಲಕಕ್ಕೆ ಮೂರು ಹೆಸರು, ಅದಕ್ಕಿಂತ ಹೆಚ್ಚನ್ನು ಓಡುವ ವಾಹನದಿಂದ ಓದಲಾಗದು. ಕೈಮರಕ್ಕೆ ಆರು ತೋಳು ಮೀರಬಾರದು. ಕ್ರಮ ಒಂದೇ ಇರಲಿ: ನೇರ ಹೋಗುವುದು ಮೇಲೆ, ಆಮೇಲೆ ಎಡ, ಆಮೇಲೆ ಬಲ. ಎಡಬಾಣ ಸಾಲಿನ ಎಡತುದಿಗೆ, ಬಲಬಾಣ ಬಲತುದಿಗೆ. ಮೇಲ್ಮುಖ ಬಾಣ ‘ನೇರ ಹೋಗಿ’ ಎಂದೋ ‘ಮಹಡಿ ಹತ್ತಿ’ ಎಂದೋ ಗೊಂದಲವಾಗುವ ಮೆಟ್ಟಿಲುಗಳ ಬಳಿ ಮೆಟ್ಟಿಲಿನ ಚಿಹ್ನೆಯನ್ನೇ ಸೇರಿಸಿ. ಚಿಹ್ನೆಗಳನ್ನು ಹೊಸದಾಗಿ ಬರೆಯುವ ಹುಮ್ಮಸ್ಸು ಬೇಡ: ಐಎಸ್‌ಒ 7001 ಎಂಬ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡ ಇದೆ, ಅಮೆರಿಕದ ಸಾರಿಗೆ ಇಲಾಖೆಗಾಗಿ 1974 ಮತ್ತು 1979ರಲ್ಲಿ ಬಂದ 50 ಚಿಹ್ನೆಗಳು ಇವೆ. ಶೌಚಾಲಯದ ಚಿಹ್ನೆ ಕಲಾತ್ಮಕವಾದಷ್ಟೂ ತಪ್ಪು ಬಾಗಿಲು ತಟ್ಟುವವರು ಹೆಚ್ಚು.

ಅಕ್ಷರದ ಗಾತ್ರ: ಲೆಕ್ಕ ಹಾಕಿ, ಅಂದಾಜು ಬೇಡ

ವಾಹನದ ವೇಗ ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್. ಮೂರು ಸಾಲು ಓದಲು 3 ಸೆಕೆಂಡು ಹಿಡಿದರೆ 42 ಮೀಟರ್. ಹತ್ತಿರ ಬಂದಂತೆ ಫಲಕ ಕಣ್ಣಿನ ನೇರದಿಂದ ಪಕ್ಕಕ್ಕೆ ಜಾರುತ್ತದೆ. ಚಾಲಕರ ನೋಟದಿಂದ 10 ಡಿಗ್ರಿ ಆಚೆ ಹೋದ ಮೇಲೆ ಅದನ್ನು ಓದುವುದು ಅಪಾಯ. ಫಲಕ 3 ಮೀಟರ್ ಪಕ್ಕದಲ್ಲಿದ್ದರೆ ಆ ಕೊನೆಯ 17 ಮೀಟರ್ ವ್ಯರ್ಥ. ಒಟ್ಟು 59 ಮೀಟರ್ ದೂರದಿಂದ ಓದು ಶುರುವಾಗಬೇಕು. ಅಮೆರಿಕದ ರಸ್ತೆ ಸಂಕೇತ ಕೈಪಿಡಿಯ ಲೆಕ್ಕ ಅಕ್ಷರದ ಪ್ರತಿ ಇಂಚು ಎತ್ತರಕ್ಕೆ 30 ಅಡಿ ಓದುವ ದೂರ, ಅಂದರೆ 1 ಸೆಂ.ಮೀ.ಗೆ ಸುಮಾರು 3.6 ಮೀಟರ್. 59ನ್ನು 3.6ರಿಂದ ಭಾಗಿಸಿದರೆ 16.4 ಸೆಂ.ಮೀ. ಈ ಅಂಕಿ ರೋಮನ್ (ಇಂಗ್ಲಿಷಿನ) ದೊಡ್ಡಕ್ಷರಕ್ಕೆ. ಫಲಕವು ತಿರುವಿಗಿಂತ ಕನಿಷ್ಠ 60 ಮೀಟರ್ ಮೊದಲೇ ಬರಬೇಕು, ಲೇನ್ ಬದಲಿಸಬೇಕಾದ ಕಡೆ ಇನ್ನೂ ಹಿಂದೆ.

ಪಾದಚಾರಿಗೆ ಸರಳ ಲೆಕ್ಕ: ಓದುವ ದೂರವನ್ನು 200ರಿಂದ ಭಾಗಿಸಿ. 4 ಮೀಟರಿನಿಂದ ಓದಬೇಕಾದರೆ 20 ಮಿ.ಮೀ., ರಸ್ತೆಯಾಚೆ 10 ಮೀಟರಿನಿಂದಾದರೆ 50 ಮಿ.ಮೀ.

ಕನ್ನಡದಂಥ ಲಿಪಿ ಇದ್ದಾಗ ಎಡವುವುದು ಇಲ್ಲಿಯೇ. ರೋಮನ್ ಲಿಪಿಗೆ ಮಾಡಿದ ವಿನ್ಯಾಸದಲ್ಲಿ ಕನ್ನಡಕ್ಕೂ ಅದೇ ಪಾಯಿಂಟ್ ಗಾತ್ರ ಕೊಟ್ಟರೆ ಅಕ್ಷರ ಕುಗ್ಗಿದಂತೆ ಕಾಣುತ್ತದೆ, ಏಕೆಂದರೆ ಆ ಗಾತ್ರದೊಳಗೇ ಕೆಳಗಿನ ಒತ್ತಿಗೂ ಮೇಲಿನ ಗುಡಿಸಿಗೂ ಜಾಗ ಕೊಟ್ಟಿರುತ್ತದೆ. ಅಳೆಯಬೇಕಾದದ್ದು ‘ಗ’, ‘ರ’ದಂಥ ಒತ್ತಿಲ್ಲದ ಅಕ್ಷರದ ಮೈಯ ಎತ್ತರ. ಅದನ್ನು ರೋಮನ್ ಸಣ್ಣಕ್ಷರದ ಎತ್ತರಕ್ಕಿಂತ ತುಸು ಹೆಚ್ಚೇ ಇಡಿ, ಚಾಲಕರ ಫಲಕದಲ್ಲಿ ಕಾಲುಭಾಗ ಹೆಚ್ಚಿಸಿ ಪರೀಕ್ಷಿಸಿ. ಸಾಲಿನ ಅಂತರವನ್ನು ನಿಗದಿ ಮಾಡುವ ಮುನ್ನ ಒತ್ತಕ್ಷರ ಎರಡು ಅಂತಸ್ತು ಇಳಿಯುವ ‘ರಾಷ್ಟ್ರೀಯ’, ‘ವಸ್ತ್ರ’ದಂಥ ಪದವನ್ನು ಮೇಲಿನ ಸಾಲಿನಲ್ಲೂ, ‘ಕೀರ್ತಿ’ಯಂಥ ಪದವನ್ನು ಕೆಳಗಿನ ಸಾಲಿನಲ್ಲೂ ಇಟ್ಟು ನೋಡಿ. ಡಿಕ್ಕಿ ಹೊಡೆದರೆ ಅಂತರ ಸಾಲದು. ದಪ್ಪ ಫಾಂಟಿನಲ್ಲಿ ಒತ್ತಕ್ಷರದ ಸಣ್ಣ ಕಣ್ಣು ಮುಚ್ಚಿಹೋಗುತ್ತದೆ, ‘ಪ’ ಮತ್ತು ‘ಷ’, ‘ಘ’ ಮತ್ತು ‘ಫ’ ದೂರದಿಂದ ಒಂದೇ ಆಗುತ್ತವೆ. ಮಧ್ಯಮ ದಪ್ಪವೇ ಕ್ಷೇಮ, ರಾತ್ರಿ ಹೊಳೆಯುವ ಹಾಳೆಯ ಮೇಲೆ ಇನ್ನೂ ತೆಳು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಹಕ್ಕೂ ಹಿನ್ನೆಲೆಗೂ ಬೆಳಕಿನ ಪ್ರತಿಫಲನದಲ್ಲಿ ಕನಿಷ್ಠ 70% ವ್ಯತ್ಯಾಸ ಬೇಕು: ಹೆಚ್ಚಿನದರಿಂದ ಕಡಿಮೆಯದನ್ನು ಕಳೆದು, ಹೆಚ್ಚಿನದರಿಂದ ಭಾಗಿಸಿ, ನೂರರಿಂದ ಗುಣಿಸಿ. ಬಿಳಿ 80, ಕಡುನೀಲಿ 8 ಆದರೆ 90%. ಹೊಳೆಯುವ ಉಕ್ಕು 45, ಅದರ ಮೇಲೆ ಬೂದುಬಣ್ಣದ ಅಕ್ಷರ 30 ಆದರೆ 33%. ವಾಸ್ತುಶಿಲ್ಪಿಗಳಿಗೆ ಅಚ್ಚುಮೆಚ್ಚಾದ ಈ ಎರಡನೆಯದನ್ನು ಯಾರೂ ಓದಲಾರರು. ಬಡಾವಣೆಗೊಂದು ಬಣ್ಣ ಕೊಡುವುದಾದರೆ ಹೆಸರಿಲ್ಲದೆ ಬಣ್ಣವೊಂದೇ ಸುದ್ದಿ ಹೇಳಬಾರದು, ಕೆಂಪು-ಹಸಿರು ಬೇರ್ಪಡಿಸಲಾಗದವರು ಬಹಳ ಇದ್ದಾರೆ. ಬಿಸಿಲಿಗೆ ಮೊದಲು ಮಾಸುವುದು ಕೆಂಪು ಮತ್ತು ಹಳದಿ ಎಂಬುದೂ ನೆನಪಿರಲಿ.

ನಕ್ಷೆ

ಬೀದಿಯ ನಕ್ಷೆಯಲ್ಲಿ ಉತ್ತರ ಮೇಲಿರಬೇಕಾಗಿಲ್ಲ. ನೋಡುವವರ ಎದುರಿಗಿರುವುದು ನಕ್ಷೆಯಲ್ಲೂ ಮೇಲಿರಬೇಕು, ಎಡಗಡೆಯದು ಎಡಕ್ಕೆ. 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತ ಮೊದಲು ನೆಟ್ಟ ಲೆಜಿಬಲ್ ಲಂಡನ್ ಫಲಕಗಳೂ, 2013ರಲ್ಲಿ ನ್ಯೂಯಾರ್ಕ್ ಪಾದಚಾರಿಗಳಿಗಾಗಿ ಶುರುಮಾಡಿದ ‘ವಾಕ್ ಎನ್‌ವೈಸಿ’ಯೂ ಇದನ್ನೇ ಅನುಸರಿಸಿವೆ. ಇದರ ಬೆಲೆ ಏನೆಂದರೆ, ಕಂಬಫಲಕದ ಎರಡು ಮುಖಕ್ಕೆ ಎರಡು ಬೇರೆ ನಕ್ಷೆ ಬೇಕು. ನಕ್ಷೆಯನ್ನು ತಿರುಗಿಸಿದಾಗ ಹೆಸರುಗಳೂ ತಲೆಕೆಳಗಾಗುವುದರಿಂದ ಪ್ರತಿ ದಿಕ್ಕಿಗೂ ಹೆಸರುಗಳನ್ನು ಹೊಸದಾಗಿ ಕೂರಿಸಬೇಕು. ಆದ್ದರಿಂದ ಮೂಲ ದತ್ತಾಂಶ ಒಂದೇ ಇದ್ದು, ದಿಕ್ಕಿನ ಪ್ರತಿಗಳು ಅದರಿಂದ ಹುಟ್ಟಬೇಕು. ನಾಲ್ಕು ಫೈಲುಗಳನ್ನು ಕೈಯಲ್ಲಿ ತಿದ್ದುತ್ತ ಹೋದರೆ ಒಂದು ವರ್ಷದೊಳಗೆ ನಾಲ್ಕೂ ಬೇರೆ ಬೇರೆ ಊರುಗಳಾಗುತ್ತವೆ.

‘ನೀವಿಲ್ಲಿದ್ದೀರಿ’ ಗುರುತು, ಅದರ ಸುತ್ತ ಐದು ನಿಮಿಷದ ನಡಿಗೆಯ ವೃತ್ತ, ದಾರಿಯಲ್ಲಿ ಕಣ್ಣಿಗೆ ಬೀಳುವ ಕಟ್ಟಡಗಳ ಚಿತ್ರ, ರಸ್ತೆ ದಾಟುವ ಜಾಗ, ಮೆಟ್ಟಿಲು, ಇಳಿಜಾರು, ಲಿಫ್ಟು, ಜೊತೆಗೆ ಉತ್ತರದ ಬಾಣ. ನಿಮಿಷಕ್ಕೆ 80 ಮೀಟರ್ ಹಿಡಿದರೆ ಐದು ನಿಮಿಷ 400 ಮೀಟರ್, ವಯಸ್ಸಾದವರಿಗೆ 60ರಂತೆ 300. ವೃತ್ತ ನೇರ ಗೆರೆಯ ದೂರ ತೋರಿಸುತ್ತದೆ, ನಡುವೆ ರೈಲುಹಳಿಯೋ ನದಿಯೋ ಇದ್ದರೆ ಅದು ಮೋಸ. ಅಂಥ ಕಡೆ ವೃತ್ತ ಬಿಟ್ಟು ದಾರಿಯ ಮೇಲೆಯೇ ನಿಮಿಷ ಬರೆಯಿರಿ.

ಓದಿನ ಭಾಗ ನೆಲದಿಂದ 90ರಿಂದ 170 ಸೆಂ.ಮೀ. ಒಳಗಿರಲಿ, ‘ನೀವಿಲ್ಲಿದ್ದೀರಿ’ ಸುಮಾರು 120ರಲ್ಲಿ. ಆಗ ಗಾಲಿಕುರ್ಚಿಯಲ್ಲಿರುವವರಿಗೂ ನಿಂತವರಿಗೂ ಕಾಣುತ್ತದೆ. ಎದುರಿಗೆ ಗಾಲಿಕುರ್ಚಿ ನಿಲ್ಲಲು ಸಮತಟ್ಟಾದ 75×120 ಸೆಂ.ಮೀ. ಜಾಗ ಬೇಕು. ತಲೆಯ ಮೇಲಿನ ಫಲಕದ ಕೆಳ ಅಂಚು 2.3 ಮೀಟರಿಗಿಂತ ಕೆಳಗೆ ಬಾರದಿರಲಿ. ನೆಲದಿಂದ 70 ಸೆಂ.ಮೀ. ಮತ್ತು 2 ಮೀಟರ್ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಹೊರಚಾಚಿದ್ದನ್ನು ದೃಷ್ಟಿ ಇಲ್ಲದವರ ಕೋಲು ಕಂಡುಹಿಡಿಯದು. ಎರಡು ಕಾಲಿನ ಫಲಕಕ್ಕೆ ಕೆಳಗೊಂದು ಅಡ್ಡಪಟ್ಟಿ ಕಡ್ಡಾಯ.

ಕಾಗದದಿಂದ ಲೋಹಕ್ಕೆ

ಲೋಹ ಕತ್ತರಿಸುವ ಮುನ್ನ ಪೂರ್ಣಗಾತ್ರದ ಮಾದರಿಯನ್ನು ಫೋಮ್‌ಬೋರ್ಡಿನಲ್ಲಿ ಮುದ್ರಿಸಿ ನಿಜವಾದ ತಿರುವಿನಲ್ಲಿ ನಿಲ್ಲಿಸಿ. ಆ ಭಾಗ ಗೊತ್ತಿಲ್ಲದ ಹತ್ತು-ಹನ್ನೆರಡು ಮಂದಿಗೆ ಒಂದೊಂದು ಜಾಗ ಹೇಳಿ, ಫೋನಿಲ್ಲದೆ ಕಳುಹಿಸಿ. ಅವರ ಹಿಂದೆ ನಡೆಯುತ್ತ ಎಲ್ಲಿ ನಿಂತರು, ಎಲ್ಲಿ ತಿರುಗಿ ನೋಡಿದರು, ಎಲ್ಲಿ ಬೇರೆಯವರನ್ನು ಕೇಳಿದರು ಎಂದು ಗುರುತಿಸಿಕೊಳ್ಳಿ. ಮೂವರು ಒಂದೇ ಕಡೆ ನಿಂತರೆ ತಪ್ಪು ಫಲಕದ್ದು. ಹಗಲು ಒಮ್ಮೆ, ಬೀದಿದೀಪದಲ್ಲಿ ಒಮ್ಮೆ.

ತಯಾರಕರಿಗೆ ಹೋಗುವ ಕಡತ ಮೂರು: ಸ್ಥಳನಕ್ಷೆ, ಸಂದೇಶಪಟ್ಟಿ, ರಚನಾಚಿತ್ರ. ಸಂದೇಶಪಟ್ಟಿಯಲ್ಲಿ ಪ್ರತಿ ಫಲಕದ ಪ್ರತಿ ಮುಖದ ಪ್ರತಿ ಸಾಲು, ಬಾಣ, ಚಿಹ್ನೆ, ಹೆಸರಿನ ಸಂಖ್ಯೆ ಇರುತ್ತದೆ. ಯಾರೂ ಹೆಸರನ್ನು ಮತ್ತೆ ಟೈಪ್ ಮಾಡಬಾರದು, ಪಟ್ಟಿಯಿಂದಲೇ ಹರಿದುಬರಬೇಕು. ಭಾರತೀಯ ಲಿಪಿಗಳಲ್ಲಿ ಅತಿ ಹೆಚ್ಚು ಕೆಡುವುದು ಈ ಹಂತದಲ್ಲಿ. ಹಳೆಯ ಯುನಿಕೋಡ್ ಅಲ್ಲದ ಫಾಂಟಿನಿಂದ ಪರಿವರ್ತಿಸಿದಾಗ ಅರ್ಕಾವತ್ತು ಜಾಗ ಬದಲಿಸುತ್ತದೆ. ಅಡೋಬಿ ತಂತ್ರಾಂಶದಲ್ಲಿ ಇಂಥ ಲಿಪಿಗಳನ್ನು ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಕೆಳಗಿಳಿಯದೆ ‘ರಾಷ್‌ಟ್‌ರೀಯ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಕ್ಷರವನ್ನು ಔಟ್‌ಲೈನ್ (ಗೆರೆಯ ಆಕಾರ) ಮಾಡಿ ವಿನೈಲ್ ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಒತ್ತೂ ಮೂಲಾಕ್ಷರವೂ ಒಂದರ ಮೇಲೊಂದು ಬಿದ್ದ ಗೆರೆಯ ಮೇಲೂ ಬ್ಲೇಡು ಓಡುತ್ತದೆ, ಆದ್ದರಿಂದ ಆಕಾರಗಳನ್ನು ಮೊದಲು ಬೆಸೆಯಬೇಕು. ಕೊನೆಯ ಪ್ರೂಫನ್ನು ಆ ಲಿಪಿ ಓದಬಲ್ಲ ಇಬ್ಬರು ಬೇರೆ ಬೇರೆಯಾಗಿ ಓದಿ ಸಹಿ ಹಾಕಲಿ. ವಿನ್ಯಾಸಕಾರರು ಆ ಇಬ್ಬರಲ್ಲಿ ಇರಬಾರದು.

ಫಲಕಕ್ಕೆ 3 ಮಿ.ಮೀ. ಅಲ್ಯೂಮಿನಿಯಂ ಹಾಳೆ, ಕಂಬಕ್ಕೆ ಬಿಸಿಸತುವಿನಲ್ಲಿ ಅದ್ದಿದ ಉಕ್ಕು ಸಾಮಾನ್ಯ. ಅಲ್ಯೂಮಿನಿಯಂ ಮೇಲೆ ಸ್ಟೇನ್‌ಲೆಸ್ ಬೋಲ್ಟನ್ನು ನೇರ ಬಿಗಿದರೆ ನೀರು ಬಿದ್ದಾಗ ಅಲ್ಯೂಮಿನಿಯಂ ತುಕ್ಕಿನಂತೆ ಪುಡಿಯಾಗುತ್ತದೆ, ನಡುವೆ ನೈಲಾನ್ ವಾಷರ್ ಹಾಕಿ. ಗೀಚುಬರಹ ಒರೆಸಲು ಬರುವಂಥ ಮೇಲ್ಪದರ ಇರಲಿ. ಪ್ರತಿ ಸಾಲೂ ಬಿಚ್ಚಿ ತೆಗೆಯಬಹುದಾದ ಬೇರೆ ಪಟ್ಟಿಯಾಗಿದ್ದರೆ ಹೆಸರೊಂದು ಬದಲಾದಾಗ ಇಡೀ ಫಲಕ ಬದಲಿಸಬೇಕಾಗುವುದಿಲ್ಲ. ಕೈಮರದ ತೋಳನ್ನು ಬರೇ ಸುತ್ತುಪಟ್ಟಿಯಲ್ಲಿ ಬಿಗಿದರೆ ಗಾಳಿಗೋ ತುಂಟ ಕೈಗೋ ತಿರುಗಿ ಊರನ್ನೇ ಅದಲುಬದಲು ಮಾಡುತ್ತದೆ. ಕಂಬದ ಮೂಲಕ ಹಾಯುವ ಬೋಲ್ಟು ಅಥವಾ ಹಲ್ಲಿನ ಕಾಲರ್ ಬೇಕು.

ಅಡಿಪಾಯದ ಆಳ ಮಣ್ಣನ್ನೂ ಗಾಳಿಯನ್ನೂ ನೋಡಿ ಎಂಜಿನಿಯರ್ ಹೇಳಬೇಕಾದ ಮಾತು. ಅಗೆಯುವ ಮುನ್ನ ನೆಲದಡಿಯ ಕೇಬಲ್, ಕೊಳವೆಗಳ ತಪಾಸಣೆ ಮಾಡಿಸಿ, ಜಾಗ ಒಂದೆರಡು ಮೀಟರ್ ಸರಿದರೆ ಬಾಣವೂ ಕಾಣುವ ಕೋನವೂ ಇನ್ನೂ ಸರಿಯೇ ಎಂದು ಮತ್ತೆ ನಿಂತು ನೋಡಿ. ನಕ್ಷೆಯ ಎರಡು ಮುಖಗಳನ್ನು ಅದಲುಬದಲಾಗಿ ಕೂರಿಸುವುದು ಬಹು ಸಾಮಾನ್ಯ ತಪ್ಪು. ಪ್ರತಿ ಹಾಳೆಯ ಬೆನ್ನಿಗೆ ಫಲಕದ ಸಂಖ್ಯೆಯನ್ನೂ ಅದು ಮುಖ ಮಾಡಬೇಕಾದ ದಿಕ್ಕನ್ನು ಡಿಗ್ರಿಯಲ್ಲೂ ಕೊರೆಸಿ. ಸರಪಳಿ ಪೂರ್ತಿಯಾಗುವವರೆಗೆ ನೆಟ್ಟ ಫಲಕಗಳನ್ನು ಮುಚ್ಚಿಡಿ, ತೆರೆಯುವ ದಿನವೇ ಹಳೆಯದನ್ನು ತೆಗೆಯಿರಿ. ಹಳತೂ ಹೊಸತೂ ಒಂದೇ ತಿರುವಿನಲ್ಲಿ ಎರಡು ಮಾತು ಹೇಳುವ ಒಂದು ವಾರ ಸಾಕು ಜನರ ನಂಬಿಕೆ ಹೋಗಲು.

ನಿರ್ವಹಣೆಯ ಹಣ ಮೊದಲ ಅಂದಾಜುಪಟ್ಟಿಯಲ್ಲೇ ಬೇರೆ ಸಾಲಾಗಿ ಇರಬೇಕು: ತೊಳೆಯುವುದು, ಕೊಂಬೆ ಸವರುವುದು, ವರ್ಷಕ್ಕೊಮ್ಮೆ ಪ್ರತಿ ಫಲಕದ ಫೋಟೊ, ಪ್ರತಿ ಬಗೆಗೂ ಒಂದೆರಡು ಬಿಡಿಭಾಗ. ಪ್ರತಿ ಕಂಬದ ಮೇಲೂ ಸಂಖ್ಯೆ ಕಾಣುವಂತಿರಲಿ, ಜನ ದೂರು ಕೊಡುವಾಗ ‘ಆ ಸರ್ಕಲ್ ಹತ್ತಿರದ್ದು’ ಎನ್ನುವ ಬದಲು ಸಂಖ್ಯೆ ಹೇಳಲಿ. ಹೆಸರೊಂದು ಬದಲಾದರೆ ಮೊದಲು ಪಟ್ಟಿಯ ಸಾಲು ತಿದ್ದಬೇಕು, ಆ ಸಂಖ್ಯೆ ಬಳಸಿದ ಫಲಕಗಳೂ ನಕ್ಷೆಗಳೂ ಎಷ್ಟೆಂದು ಪಟ್ಟಿಯೇ ಹೇಳುತ್ತದೆ. ಉದಾಹರಣೆಗೆ 14 ಫಲಕ, 6 ನಕ್ಷೆ. ಅಷ್ಟನ್ನೂ ಒಂದೇ ಆದೇಶದಲ್ಲಿ ಮುದ್ರಿಸಿ ಒಂದೇ ವಾರದಲ್ಲಿ ಬದಲಿಸಬೇಕು. ಕಂತಿನಲ್ಲಿ ಬದಲಿಸಿದರೆ ಹಳೆಯ ಹೆಸರನ್ನು ಹಿಂಬಾಲಿಸಿ ಬಂದವರು ನಡುದಾರಿಯಲ್ಲಿ ಹೊಸ ಹೆಸರಿನ ಎದುರು ನಿಲ್ಲುತ್ತಾರೆ.